ಹಿಶಾಮನ ತಂಗುದಾಣ

ಹಲಗೆಯ ಮೇಲೆ ‘ಯಮ – ಜವ’ ಎಂದು ಬರೆದು, ಅದರ ಕೆಳಗೆ ‘ಯೋಗಿ – ಜೋಗಿ’ ಎಂದು ಬರೆದು, ಮೂರನೆಯ ಸಾಲಿಗೆ ಕೈಯೆತ್ತಿದಾಗ ತಾನು ಯಾವ ಪದ ಬರೆಯಲು ಹೊರಟಿದ್ದೇನೆಂಬುದು ಹೊಳೆದು ಝುಹ್ರಾಳ ಕೈಯಲ್ಲಿದ್ದ ಚಾಕ್‌ಪೀಸ್ ಹಲಗೆಗೆ ತಾಗಿಕೊಂಡೇ ನಿಂತಿತು. ವರ್ಷ ವರ್ಷವೂ ಇದೇ ಕ್ರಮದಲ್ಲಿ ಹೇಳಿಕೊಟ್ಟ ಪಾಠ. ಯಮ, ಯೋಗಿ, ಆಮೇಲೆ ಯೋಧ. ಸಂಸ್ಕೃತದ ಯೋಧ ಕನ್ನಡಕ್ಕೆ ಬಂದು ಜೋದನಾಗುತ್ತಾನೆ ಎಂದು ಹೇಳಿ, ಮಕ್ಕಳು ನಗುವುದಕ್ಕೆ ಒಂದು ಕ್ಷಣ ಬಿಟ್ಟು, ಮುಂದಕ್ಕೆ ಹೋಗುವುದು. ಇವತ್ತು ಬೆನ್ನ ಹಿಂದೆ ಇಡೀ ಎಂಟನೆಯ ತರಗತಿ ಸುಮ್ಮನಿತ್ತು. ಇವರಿಗೆಲ್ಲ ಗೊತ್ತುಂಟು, ಎಂದುಕೊಂಡಳು. ಕುಂಬ್ರದಿಂದ ಬರುವ ಮಕ್ಕಳು ಬಸ್ಸಿನ ಕಿಟಕಿಯಿಂದ ಹೊಸ ತಂಗುದಾಣವನ್ನು, ಅದಕ್ಕೆ ಕಟ್ಟಿದ ಫ್ಲೆಕ್ಸನ್ನು ನೋಡಿಯೇ ಬಂದಿರುತ್ತಾರೆ. ಚಾಕ್‌ಪೀಸಿನ ತುದಿ ಮುರಿದು ಕೆಳಗೆ ಬಿತ್ತು. ಅವಳು ‘ಯುಗ – ಜುಗ’ ಎಂದು ಬರೆದಳು.

ಬೆಳಿಗ್ಗೆ ದರ್ಬೆಯ ಮನೆಯಿಂದ ಹೊರಡುವಾಗಲೇ ವಿಷ್ಣುಪ್ರಸಾದನ ಫೋನು ಬಂದಿತ್ತು. ಹಿಂದೆ ಮನೆ ಕುಂಬ್ರದಲ್ಲಿದ್ದಾಗ ಅವಳ ತಮ್ಮ ಹಿಶಾಮನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ಹುಡುಗ ಈಗ ಕುಂಬ್ರದ ಗೆಳೆಯರ ಬಳಗಕ್ಕೆ ಅಧ್ಯಕ್ಷ. ತಂಗುದಾಣ ಕಟ್ಟಿಸಬೇಕು, ಅದಕ್ಕೆ ಹಿಶಾಮನ ಹೆಸರಿಡಬೇಕು ಎಂದು ಊರೆಲ್ಲ ಓಡಾಡಿದವನು ಅವನೇ. ಒಳ್ಳೆಯ ಹುಡುಗ. ಅವನ ಒಳ್ಳೆಯತನದಿಂದ ತಪ್ಪಿಸಿಕೊಳ್ಳುವ ದಾರಿ ಇಲ್ಲದೆ ಝುಹ್ರಾ ತಿಂಗಳುಗಟ್ಟಲೆ ಅವನಿಗೆ ಹೂಂಗುಟ್ಟಿದ್ದಳು.

“ಟೀಚರೇ, ಸಣ್ಣ ಒಂದು ತೊಂದರೆ ಉಂಟು,” ಎಂದಿದ್ದ. “ಬೋರ್ಡಿನಲ್ಲಿ ‘ವೀರಯೋಧ’ ಅಂತ ಬರೆದದ್ದಕ್ಕೆ ಕೆಲವರು ಆಕ್ಷೇಪ ಎತ್ತಿದ್ದಾರೆ. ನಮ್ಮ ದೇಶಕ್ಕೆ ಹೋರಾಡಿದ್ದಲ್ಲವಲ್ಲ ಅಂತ. ಮಿಲಿಟರಿಯಿಂದ ರಿಟೈರ್ ಆದವರು ಇಬ್ಬರು ಇದ್ದಾರಲ್ಲ, ಅವರಿಗೆ ಬೇಜಾರಾಗ್ತದಂತೆ. ಅವರು ಹೇಳುದರಲ್ಲೂ ತಪ್ಪಿಲ್ಲ ಟೀಚರೇ. ಪೇಂಟರ್ ಕಾಯ್ತಾ ಇದ್ದಾನೆ. ಬೇರೆ ಒಂದು ಪದ ಹೇಳಿ. ನೀವು ಕನ್ನಡ ಟೀಚರ್.”

“ಬರೀ ಹೆಸರು ಹಾಕಿ ಸಾಕು.”

“ಬರೀ ಹೆಸರು ಹಾಕಿದ್ರೆ ಇವ ಯಾರು ಅಂತ ಕೇಳ್ತಾರೆ. ಎಂತಾದ್ರೂ ಬೇಕು. ಮತ್ತೆ ಇವತ್ತು ಉದ್ಘಾಟನೆಗೆ ನೀವು ಎರಡು ಮಾತು ಆಡ್ಲೇಬೇಕು, ಮೈಕ್ ಹೇಳಿ ಆಗಿದೆ.”

ಅವಳು ರಸ್ತೆಯ ಬದಿಯಲ್ಲಿ ನಿಂತು ಪದ ಹುಡುಕಿದ್ದಳು. ತೀರಿಹೋದ, ಅಗಲಿದ, ದಿವಂಗತ, ಹುತಾತ್ಮ. ಪ್ರತಿಯೊಂದೂ ಬೇರೆ ಯಾರಿಗೋ ಹೊಲಿಸಿದ ಅಂಗಿಯ ಹಾಗೆ. ಕೊನೆಗೆ “ಪರದೇಶದಲ್ಲಿ ಮಡಿದ” ಎಂದಳು. ವಿಷ್ಣುಪ್ರಸಾದ್ ಅದನ್ನು ಒಮ್ಮೆ ಬಾಯಲ್ಲಿ ಹೇಳಿ ನೋಡಿ, “ಭಾರೀ ಲಾಯಕ್ಕಿದೆ” ಎಂದು ಫೋನಿಟ್ಟ. ಲಾಯಕ್ಕಿದೆ ಎಂದದ್ದಕ್ಕೆ ತನಗೆ ಕ್ಷಣಮಾತ್ರ ಖುಷಿಯಾಯಿತಲ್ಲ ಎಂಬುದು ಬಸ್ಸು ಹತ್ತಿದ ಮೇಲೆ ಅವಳಿಗೆ ಗೊತ್ತಾಯಿತು.

ಮಧ್ಯಾಹ್ನದ ರಜೆ ಕೇಳಲು ಹೋದಾಗ ಮುಖ್ಯೋಪಾಧ್ಯಾಯ ಉದಯಶಂಕರರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಯಾರ ಮನಸ್ಸನ್ನೂ ನೋಯಿಸಲು ಇಷ್ಟವಿಲ್ಲ. “ಕಾರಣ ಎಂತ ಹಾಕುವ ಟೀಚರೇ? ಸೈನಿಕರ ಕುಟುಂಬ ಅಂತ ಹಾಕ್ಲಿಕ್ಕೆ ಬರುದಿಲ್ಲ ಅಲ್ವಾ. ಆ ಲೆಕ್ಕಕ್ಕೆ ಇದು ಸೇರುದಿಲ್ಲ. ‘ಸ್ವಂತ ಕೆಲಸ’ ಅಂತ ಇರಲಿ, ಎಂತ?” ಎಂದರು. ಇರಲಿ ಎಂದಳು. ಆ ಲೆಕ್ಕವನ್ನು ತಾನೆಲ್ಲಿ ಕೇಳಿದ್ದೆ? ಹೊರಗೆ ಬರುವಾಗ ಗಣಿತದ ಕೌಸಲ್ಯಾ ಅವಳ ಭುಜ ಮುಟ್ಟಿ, “ಅಂತೂ ಹೆಸರು ಉಳೀತಲ್ಲ ಮಾರಾಯ್ರೆ, ಅಷ್ಟಾದ್ರೂ ಆಯ್ತು” ಎಂದರು. ಆ ‘ಅಷ್ಟಾದ್ರೂ’ ಎಂಬುದು ಶಾಲೆಯ ಗೇಟಿನವರೆಗೂ ಅವಳ ಹಿಂದೆಯೇ ಬಂತು.

ಬಿಸಿಲು ರಸ್ತೆಯ ಡಾಮರನ್ನು ಕಾಯಿಸಿ ಅಂಗಡಿಗಳ ಗಾಜಿಗೆ ಹೊಡೆಯುತ್ತಿತ್ತು. ಹಿಶಾಮ್ ದುಬೈಯಿಂದ ಕೆಲಸ ಬಿಟ್ಟು ಬಂದ ಮೇಲೆ ಇದೇ ರಸ್ತೆಯ ಮೊಬೈಲ್ ಅಂಗಡಿಯ ಎದುರು ಹಗಲಿಡೀ ನಿಂತಿರುತ್ತಿದ್ದ. ಶಾಲೆಯಿಂದ ಬರುವಾಗ ಅವನನ್ನು ನೋಡಿಯೂ ನೋಡದ ಹಾಗೆ ದಾಟುತ್ತಿದ್ದಳು. ಅವನೂ ಫೋನಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ. ಮನೆಯ ಎದುರಿನ ಕೋಣೆ ಆಗ ಅವನದಾಗಿತ್ತು. ಅವನು ಮಲಗುವ ಕೋಣೆಯಲ್ಲಿ ಅವಳ ಉತ್ತರಪತ್ರಿಕೆಗಳಿಗೆ ಜಾಗವಿರಲಿಲ್ಲ. ಅಡುಗೆಮನೆಯ ಮೇಜಿನಲ್ಲಿ ಕೂತು ತಿದ್ದುವಾಗ ಹಾಳೆಗೆ ಎಣ್ಣೆ ತಾಗುತ್ತಿತ್ತು, ಒಳಗಿನಿಂದ ಅವನ ಮೊಬೈಲಿನ ಸದ್ದು, ನಡುಹಗಲಿನ ನಿದ್ದೆಯ ಗೊರಕೆ. ರಷ್ಯಾದಲ್ಲಿ ಹೆಲ್ಪರ್ ಕೆಲಸ ಉಂಟು, ಮಿಲಿಟರಿಯವರ ಅಡುಗೆಮನೆಯಲ್ಲಿ, ಯುದ್ಧಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಏಜೆಂಟ್ ಹೇಳಿದ್ದಾನೆ ಎಂದು ಅವನು ಹೇಳಿದಾಗ ತಾಯಿ, ಅವರ ಉಮ್ಮ, ಬೇಡವೆಂದಿದ್ದಳು. ಝುಹ್ರಾ ಹೋಗು ಎಂದಿರಲಿಲ್ಲ. ಬೇಡ ಎಂದೂ ಅಂದಿರಲಿಲ್ಲ. ಅವನು ಹೋದ ಮರುದಿನ ಕಿಟಕಿ ತೆರೆದು, ಹಾಸಿಗೆ ಬಿಸಿಲಿಗೆ ಹಾಕಿ, ಗುಡಿಸಿ, ಮೇಜನ್ನು ಬೆಳಕಿಗೆ ಎಳೆದು ಕೂತಾಗ ಆದ ಹಗುರ ಇನ್ನೂ ಮೈಯಲ್ಲಿ ನೆನಪಿದೆ. ಆ ಕೋಣೆಯಲ್ಲೇ ಈಗಲೂ ತಿದ್ದುತ್ತಾಳೆ. ಬೆಳಕು ಚೆನ್ನಾಗಿ ಬರುತ್ತದೆ.

ಮೊದಮೊದಲು ಅವನು ಅಲ್ಲಿಂದ ಕಳಿಸುತ್ತಿದ್ದ ವಾಯ್ಸ್ ಮೆಸೇಜೆಲ್ಲ ಅಡುಗೆಯ ಸುದ್ದಿಯೇ ಆಗಿತ್ತು. ಆಲೂಗಡ್ಡೆಯ ರಾಶಿ, ಬೀಟ್‌ರೂಟ್ ಸಾರು, ಇಲ್ಲಿಯ ಬ್ರೆಡ್ಡು ಕಲ್ಲು. ಉಮ್ಮನಿಗೆ ಕೇಳಲೆಂದು ಅವಳು ಜೋರಾಗಿ ಹಾಕುತ್ತಿದ್ದಳು. ಆಮೇಲೆ ಬಂದದ್ದನ್ನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬಳೇ ಕೇಳಿದಳು. ಬಂದೂಕು ಕೊಟ್ಟಿದ್ದಾರೆ, ಕಾಗದಕ್ಕೆ ಸೈನ್ ಹಾಕಿಸಿದ್ದಾರೆ, ಏನು ಬರೆದಿತ್ತೋ ಗೊತ್ತಿಲ್ಲ, ಗುಂಡಿ ತೋಡಿಸ್ತಾರೆ, ಯಾರಿಗಾದರೂ ಹೇಳಿ ನನ್ನನ್ನು ಇಲ್ಲಿಂದ ತೆಗೆಸಿ. ಹೇಳಬಹುದಾದವರಿಗೆಲ್ಲ ಹೇಳಿದಳು. ಮನವಿ ಕೊಟ್ಟಳು, ಬೆಂಚುಗಳಲ್ಲಿ ಕಾದಳು, ನೋಡುವ ಎಂದವರಿಗೆ ಕೈಮುಗಿದಳು. ಸಂಜೆ ಮನೆಗೆ ಬಂದು ಉಮ್ಮನಿಗೆ ಸಾರಿನ ಕಥೆ ಹೇಳಿದಳು. ಇವತ್ತು ಎಲೆಕೋಸು ಹಾಕಿದ್ದಂತೆ. ಇವತ್ತು ಅವನ ಸಾರನ್ನು ಕ್ಯಾಪ್ಟನ್ ಹೊಗಳಿದನಂತೆ. ಹೇಳುತ್ತಾ ಹೇಳುತ್ತಾ ಕಥೆಗೆ ಒಲೆ ಬಂತು, ದೊಡ್ಡ ಪಾತ್ರೆ ಬಂತು, ಜೊತೆಗೆ ಕೆಲಸ ಮಾಡುವ ಒಬ್ಬಳು ಮುದುಕಿ ಬಂದಳು. ಅವನು ಸತ್ತ ಸುದ್ದಿ ಬಂದಾಗಲೂ ಬಾಯಿಂದ ಬಂದದ್ದು ಅದೇ: ಅಡುಗೆಮನೆಯ ಮೇಲೆ ಬಾಂಬು ಬಿತ್ತು ಉಮ್ಮ. ತೆರೆಯಬಾರದೆಂದು ಹೇಳಿ ಕೊಟ್ಟ ಪೆಟ್ಟಿಗೆಯನ್ನು ಪಳ್ಳಿಯ ಹಿಂದಿನ ಖಬರಸ್ತಾನದ ಮಣ್ಣಿಗೆ ಇಳಿಸಿ ವರ್ಷವಾಯಿತು. ಅಡುಗೆಮನೆ ಇನ್ನೂ ಹಾಗೆಯೇ ನಿಂತಿದೆ. ಅದರ ಬಾಗಿಲು ಯಾವ ಕಡೆಗಿದೆಯೆಂದು ಕೂಡ ಅವಳು ಹೇಳಬಲ್ಲಳು.

ಈಗ ಫ್ಲೆಕ್ಸ್. ಅಂಗಿ ತೊಟ್ಟು ನಗುವ ಒಂದು ಫೋಟೋವನ್ನು ಅವಳೇ ಆರಿಸಿ ಕೊಟ್ಟಿದ್ದಳು. ವಿಷ್ಣುಪ್ರಸಾದ್ ತನಗೆ ಹಿಶಾಮ್ ಕಳಿಸಿದ್ದ ಬೇರೆಯದನ್ನು ಹಾಕಿಸಿದ್ದ. ಸಮವಸ್ತ್ರ, ತಲೆಗೆ ದೊಡ್ಡದಾದ ಹೆಲ್ಮೆಟ್, ಎದೆಗೆ ಅಡ್ಡವಾಗಿ ಬಂದೂಕು. ನಿನ್ನೆ ರಾತ್ರಿ ಮೊಬೈಲಿಗೆ ಬಂದ ಆ ಚಿತ್ರ ನೋಡಿ ಬದಲಾಯಿಸಿ ಎಂದರೆ, ಪ್ರಿಂಟ್ ಆಗಿ ಆಯ್ತು ಟೀಚರೇ ಎಂದ. ಹಾಗಾಗಿ ಉಮ್ಮ ಬರಬಾರದು. ಬಿಸಿಲು ಜೋರಿದೆ, ಬಿ.ಪಿ. ಉಂಟು, ಹೆಂಗಸರು ಹೆಚ್ಚು ಬರುವುದಿಲ್ಲ ಎಂದು ಹೇಳಬೇಕು. ಗೇಟು ತೆರೆಯುವಾಗ ಅವಳು ಆ ಮಾತುಗಳನ್ನು ಒಂದರ ಹಿಂದೆ ಒಂದು ಜೋಡಿಸಿಕೊಂಡಿದ್ದಳು.

ಜಗಲಿಯಲ್ಲಿ ಒಂದು ಜೊತೆ ಶೂ ಇತ್ತು. ಒಳಗೆ ಉಮ್ಮ ಪಾತುಮ್ಮ ಬುರ್ಖಾ ತೊಟ್ಟು ಹೊರಡಲು ತಯಾರಾಗಿ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಎದುರಿಗೆ ಒಬ್ಬ ಯುವಕ ಎಡಗಾಲನ್ನು ನೆಟ್ಟಗೆ ಮುಂದಕ್ಕೆ ಚಾಚಿ ಚಹಾದ ಲೋಟ ಹಿಡಿದಿದ್ದ. ಝುಹ್ರಾ ಅವನನ್ನು ಫೋಟೋದಲ್ಲಿ ಮಾತ್ರ ಕಂಡಿದ್ದಳು. ಅಜ್ಜಾವರದ ಶಿಹಾಬ್. ಅದೇ ಏಜೆಂಟನ ಮೂಲಕ ಹೋಗಿ, ಹಿಶಾಮನ ಜೊತೆ ಒಂದೇ ಗುಂಡಿಯಲ್ಲಿ ಇದ್ದು, ಕಾಲಿಗೆ ಪೆಟ್ಟಾದ್ದರಿಂದ ಬದುಕಿ ಬಂದವನು. ಇವತ್ತಿನ ಕಾರ್ಯಕ್ರಮಕ್ಕೆ ಅವನೇ ಅತಿಥಿ. ಸುಳ್ಯದ ಬಸ್ಸಿನಲ್ಲಿ ಬಂದವನು ಕುಂಬ್ರದಲ್ಲಿ ಇಳಿಯಬೇಕಿತ್ತು.

“ನಾನೇ ಫೋನ್ ಮಾಡಿ ಬರಲಿಕ್ಕೆ ಹೇಳಿದ್ದು,” ಎಂದಳು ಉಮ್ಮ ಬ್ಯಾರಿ ಭಾಷೆಯಲ್ಲಿ. “ನಿನ್ನ ಮೊಬೈಲಿನಿಂದ ನಂಬರ್ ತೆಗೆದುಕೊಡು ಅಂತ ಪಕ್ಕದ ಮನೆಯ ನುಸೈಬಾಳಿಗೆ ಹೇಳಿದೆ. ಕೂತುಕೋ ಮೋಳೇ.”

ಝುಹ್ರಾ ಕೂರಲಿಲ್ಲ. ಶಿಹಾಬ್ ಎದ್ದು ನಿಲ್ಲಲು ಹೋಗಿ ಕಾಲು ನೋವಾಗಿ ಅರ್ಧಕ್ಕೇ ಕೂತ. “ಟೀಚರ್, ನಾನು ಎಂತದೂ ಹೇಳ್ಲಿಲ್ಲ” ಎಂದ. ಅವಳು ಮುಂಚೆಯೇ ಫೋನಿನಲ್ಲಿ ಅವನಿಗೆ ಪಾಠ ಹೇಳಿಕೊಟ್ಟಿದ್ದಳು: ಉಮ್ಮ ಕೇಳಿದರೆ ಅಡುಗೆಮನೆ ಅಂತ ಹೇಳು. ಈಗ ಅವನು ಎಂತದೂ ಹೇಳಲಿಲ್ಲ ಎಂದುಬಿಟ್ಟದ್ದರಿಂದ ಇನ್ನು ಹೇಳಲಿಕ್ಕೆ ಏನೋ ಉಂಟೆಂಬುದು ಕೋಣೆಯ ನಡುವೆ ಬಂದು ನಿಂತಿತು.

ಉಮ್ಮ ಅದನ್ನು ಗಮನಿಸಿದಂತೆ ತೋರಲಿಲ್ಲ. ಶಿಹಾಬನ ಕಡೆಗೇ ಬಾಗಿ, ಬೆಲೆ ಕೇಳುವವಳ ಹಾಗೆ ಸಣ್ಣ ಸ್ವರದಲ್ಲಿ ಕೇಳಿದಳು: “ಮೋನೇ, ನನ್ನ ಮಗ ಯಾರನ್ನಾದ್ರೂ ಕೊಂದಿದ್ದಾನಾ?”

“ಉಮ್ಮ!” ಎಂದಳು ಝುಹ್ರಾ. “ಅವನು ಅಡುಗೆಮನೆಯಲ್ಲಿ...”

“ಅವನಿಗೆ ಚಹಾ ಕಾಯಿಸ್ಲಿಕ್ಕೂ ಬರುದಿಲ್ಲ,” ಎಂದಳು ಉಮ್ಮ. ಸಿಟ್ಟಿರಲಿಲ್ಲ. “ಅವನ ಸಾರನ್ನು ಯಾವ ಕ್ಯಾಪ್ಟನ್ ಹೊಗಳ್ತಾನೆ? ನೀನು ಹೇಳ್ತಿದ್ದಿ, ನಾನು ಕೇಳ್ತಿದ್ದೆ. ನಿನಗೆ ಹೇಳ್ಲಿಕ್ಕೆ ಅಷ್ಟು ಆಸೆ ಇತ್ತಲ್ಲ.”

ಝುಹ್ರಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಸಂಜೆ ಸಂಜೆ ತಾನು ಸಾರಿಗೆ ಎಲೆಕೋಸು ಹಾಕುತ್ತಿದ್ದಾಗ, ಮುದುಕಿಯ ಬಾಯಿಗೆ ಮಾತು ಕೊಡುತ್ತಿದ್ದಾಗ, ಉಮ್ಮ ಈ ಕುರ್ಚಿಯಲ್ಲೇ ಕೂತು ಮಗಳಿಗೆ ಬೇಕೆಂದು ತಲೆಯಾಡಿಸುತ್ತಿದ್ದಳು. ‘ಆಮೇಲೆ?’ ಎನ್ನುತ್ತಿದ್ದಳು. ‘ಆ ಮುದುಕಿಗೆ ಮಕ್ಕಳಿಲ್ಲವಾ?’ ಎಂದು ಒಮ್ಮೆ ಕೇಳಿದ್ದಳು. ಮರುದಿನ ಝುಹ್ರಾ ಮುದುಕಿಗೆ ಇಬ್ಬರು ಮಕ್ಕಳನ್ನು ಕೊಟ್ಟಿದ್ದಳು. ಯಾರು ಯಾರನ್ನು ಕಾಪಾಡಿದ್ದು ಹಾಗಾದರೆ? ಹೊರಗೆ ಹೋಗಬೇಕೆನಿಸಿತು. ಹೊರಗೆ ಎಲ್ಲಿಗೆ? ಎದುರಿನ ಕೋಣೆಯೊಂದೇ ಇರುವುದು.

ಶಿಹಾಬ್ ಲೋಟವನ್ನು ನೆಲಕ್ಕಿಟ್ಟ. “ಗೊತ್ತಿಲ್ಲ ಉಮ್ಮ,” ಎಂದ. “ಕತ್ತಲೆ. ಎದುರು ಮರಗಳು. ಗುಂಡು ಬಿಡಿ ಅಂತ ಕಿರುಚಿದ್ರು, ಎಲ್ಲರೂ ಬಿಟ್ಟೆವು. ಹಿಶಾಮ್ ಕಣ್ಣು ಮುಚ್ಚಿಕೊಂಡು ಬಿಡ್ತಿದ್ದ, ನಾನು ನೋಡಿದ್ದೇನೆ. ಬೆಳಿಗ್ಗೆ ನಮ್ಮನ್ನು ಮುಂದೆ ಕಳಿಸಿದ್ರು. ಅಲ್ಲಿ ಒಬ್ಬ ಬಿದ್ದಿದ್ದ.”

“ಯಾರ ಗುಂಡು?”

“ಅದು ಹೇಗೆ ಗೊತ್ತಾಗುದು ಉಮ್ಮ.”

“ಸಣ್ಣವನಾ?”

“ನಮ್ಮಷ್ಟೇ. ಗಡ್ಡ ಇನ್ನೂ ಸರಿ ಬಂದಿರ್ಲಿಲ್ಲ. ಕಣ್ಣು ತೆರೆದಿತ್ತು. ಹಿಶಾಮ್ ಅಲ್ಲೇ ಕೂತುಬಿಟ್ಟ. ಏಳು ಮಾರಾಯ ಅಂದ್ರೆ ಏಳುದಿಲ್ಲ. ಕೊನೆಗೆ ತನ್ನ ಉಲ್ಲನ್ ಟೊಪ್ಪಿ ತೆಗೆದು ಅವನ ಮುಖಕ್ಕೆ ಮುಚ್ಚಿದ. ಅಷ್ಟು ಚಳಿಗೆ ಟೊಪ್ಪಿ ತೆಗೆದದ್ದಕ್ಕೆ ನಾನು ಬೈದೆ.” ಅವನು ತನ್ನ ಅಂಗೈಗಳನ್ನು ನೋಡಿಕೊಂಡ. “ಆಮೇಲೆ ಅವನು ಹೆಚ್ಚು ಮಾತಾಡ್ಲಿಲ್ಲ. ಬೆರಳು ಮರಗಟ್ಟಿ ಬೂಟಿನ ಲೇಸ್ ಕಟ್ಟಲಿಕ್ಕೆ ಆಗ್ತಿರ್ಲಿಲ್ಲ ಅವನಿಗೆ. ಕೊನೆಯ ದಿವಸ ನಾನೇ ಕಟ್ಟಿದ್ದು. ಮೇಲಿನಿಂದ ಡ್ರೋನ್ ಬಂತು. ಅವನಿಗೆ ಬೇಗ ಆಯ್ತು ಉಮ್ಮ. ಅದು ಸುಳ್ಳಲ್ಲ.”

ಉಮ್ಮ ಎದ್ದು ಅವನ ತಲೆಯ ಮೇಲೆ ಕೈಯಿಟ್ಟು, “ನಡೆ. ವಿಷ್ಣು ಕಾಯ್ತಾ ಇರ್ತಾನೆ” ಎಂದಳು.

ಕುಂಬ್ರಕ್ಕೆ ಹೋಗುವ ರಿಕ್ಷಾದಲ್ಲಿ ಝುಹ್ರಾ ಇಬ್ಬರ ನಡುವೆ ಸಿಕ್ಕಿ ಕೂತಿದ್ದಳು. ಒಂದು ಕಡೆ ಶಿಹಾಬನ ಬಗ್ಗದ ಕಾಲು, ಇನ್ನೊಂದು ಕಡೆ ಉಮ್ಮನ ಮೊಣಕೈ. ಚೀಲದಲ್ಲಿ ಬರೆದಿಟ್ಟ ಭಾಷಣ ಇತ್ತು. ಅದನ್ನು ಓದಬಾರದು ಎಂದು ತೀರ್ಮಾನಿಸಿದಳು. ಅವನಿಗೆ ಹೆದರಿಕೆಯಾಗಿತ್ತು ಎನ್ನಬೇಕು. ಕಣ್ಣು ಮುಚ್ಚಿಕೊಂಡಿದ್ದ, ಸತ್ತವನ ಪಕ್ಕದಲ್ಲಿ ಕೂತುಬಿಟ್ಟಿದ್ದ ಎನ್ನಬೇಕು. ಅಷ್ಟು ಹೇಳಿ ಇಳಿದುಬಿಡುತ್ತೇನೆ. ಹೀಗೆ ನಿಶ್ಚಯಿಸಿದ ಮೇಲೆ ಎಷ್ಟೋ ದಿನಗಳ ನಂತರ ಉಸಿರು ಪೂರ್ತಿ ಒಳಗೆ ಹೋಯಿತು.

ತಂಗುದಾಣಕ್ಕೆ ತೋರಣ ಕಟ್ಟಿದ್ದರು. ಬೋರ್ಡಿನಲ್ಲಿ ‘ಪರದೇಶದಲ್ಲಿ ಮಡಿದ ಹಿಶಾಮ್ ಕುಂಬ್ರ ಇವರ ಸ್ಮರಣಾರ್ಥ’ ಎಂದಿತ್ತು. ಬಳಿದ ಬಿಳಿ ಬಣ್ಣ ತೆಳುವಾಗಿ ‘ಯೋಧ’ ಎಂಬ ಹಳೆಯ ಅಕ್ಷರಗಳು ಅಡಿಯಿಂದ ಕಾಣುತ್ತಿದ್ದವು. ಒಬ್ಬರು ಅದನ್ನು ಇನ್ನೊಬ್ಬರಿಗೆ ಬೆರಳು ತೋರಿಸಿ ಹೇಳುತ್ತಿದ್ದವರು ಅವಳನ್ನು ಕಂಡು ಕೈಯನ್ನು ಜೇಬಿಗೆ ಹಾಕಿಕೊಂಡರು. ಅಲ್ಲಿದ್ದವರೆಲ್ಲ ಉಮ್ಮನಿಗೆ ದಾರಿ ಬಿಟ್ಟರು. ಉಮ್ಮ ನೇರ ಫ್ಲೆಕ್ಸಿನ ಹತ್ತಿರ ಹೋದಳು. ಮಗನ ಮುಖ ಅವಳ ಮುಖದ ನಾಲ್ಕು ಪಟ್ಟು ದೊಡ್ಡದಿತ್ತು. ಅವಳು ಮುಖವನ್ನು ಮುಟ್ಟಲಿಲ್ಲ. ಬೆರಳಿನಿಂದ ಬಂದೂಕನ್ನು ಮುಟ್ಟಿ, “ಇದು ಭಾರ ಉಂಟಾ ಮೋನೇ?” ಎಂದು ಶಿಹಾಬನನ್ನು ಕೇಳಿದಳು.

“ಉಂಟು ಉಮ್ಮ.”

ಪಳ್ಳಿಯ ಉಸ್ತಾದರು ದುಆ ಮಾಡಿದರು. ಒಬ್ಬರು ಪಂಚಾಯತಿನ ಪರವಾಗಿ ಮಾತಾಡಿದರು. ಶಿಹಾಬ್ ಮೈಕು ಹಿಡಿದು, “ಒಳ್ಳೆಯ ಗೆಳೆಯ” ಎಂದು ಹೇಳಿ, ಮತ್ತೊಮ್ಮೆ ಅದನ್ನೇ ಹೇಳಿ ಕೂತ. ಆಮೇಲೆ ವಿಷ್ಣುಪ್ರಸಾದ್ ಅವಳ ಹೆಸರು ಕರೆದ. ಮೈಕಿನ ಎದುರು ನಿಂತಾಗ ರಸ್ತೆಯಲ್ಲಿ ಒಂದು ಬಸ್ಸು ನಿಧಾನವಾಗಿ ಹೋಯಿತು. ಕಿಟಕಿಗಳಲ್ಲಿದ್ದ ಮುಖಗಳೆಲ್ಲ ಅವಳ ಕಡೆ ತಿರುಗಿದವು. ಮುಂದಿನ ಸಾಲಿನಲ್ಲಿ ನಿವೃತ್ತ ಮಿಲಿಟರಿಯವರಿಬ್ಬರು ಕೈಕಟ್ಟಿ ಕೂತಿದ್ದರು. ಅವರ ಪಕ್ಕದಲ್ಲಿ ಉಮ್ಮ. “ನನ್ನ ತಮ್ಮನಿಗೆ...” ಎಂದಳು. ಧ್ವನಿವರ್ಧಕದಿಂದ ಅವಳ ಸ್ವರವೇ ತಿರುಗಿ ಅವಳ ಕಿವಿಗೆ ಬಡಿಯಿತು. ಶಾಲೆಯ ಸ್ವರ. ಪ್ರತಿ ಆಗಸ್ಟಿನಲ್ಲಿ ಧ್ವಜದ ಕೆಳಗೆ ನಿಂತು ಮಾತಾಡುವ ಸ್ವರ. ಅದಕ್ಕೆ ಅದರದೇ ದಾರಿ ಗೊತ್ತಿತ್ತು. “ನನ್ನ ತಮ್ಮನಿಗೆ ಬಾಲ್ಯದಿಂದಲೂ ಇದ್ದದ್ದು ಅಂಜದ ಎದೆ” ಎಂದಿತು ಅದು. ಮುಂದಿನ ವಾಕ್ಯ ತಾನಾಗಿ ಬಂತು, ಅದರ ಹಿಂದೆ ಇನ್ನೊಂದು. ಧೈರ್ಯ, ಕರ್ತವ್ಯ, ಮಣ್ಣಿನ ಋಣ. ಯಾವ ಮಣ್ಣು ಎಂದು ಒಳಗೆ ಯಾರೋ ಕೇಳುತ್ತಿದ್ದರು. ನಿಲ್ಲಿಸಬೇಕೆಂದು ಅವಳಿಗೆ ಗೊತ್ತಿತ್ತು. ಇಳಿಜಾರಿನಲ್ಲಿ ಬ್ರೇಕಿಲ್ಲದ ಸೈಕಲ್ಲಿನಲ್ಲಿ ಕೂತವಳ ಹಾಗೆ ಬರೀ ಹ್ಯಾಂಡಲ್ ಹಿಡಿದುಕೊಂಡಿದ್ದಳು. ಎಲ್ಲಿಯೂ ಎಡವಲಿಲ್ಲ, ಒಂದು ವಿಭಕ್ತಿಯೂ ತಪ್ಪಲಿಲ್ಲ. ಮುಗಿದಾಗ ಚಪ್ಪಾಳೆ ಬಿತ್ತು. ಮಿಲಿಟರಿಯವರಲ್ಲಿ ಹಿರಿಯರೊಬ್ಬರು ಎದ್ದು ಬಂದು, ಕಣ್ಣು ಒರೆಸಿಕೊಂಡು, “ನಾವು ಆ ಪದ ತೆಗೆಸಬಾರದಿತ್ತಮ್ಮ” ಎಂದರು. ವಿಷ್ಣುಪ್ರಸಾದ್ ನಾಳೆಯೇ ಮತ್ತೆ ಬರೆಸುವ ಎಂದ. ಅವಳು ಎರಡು ಕೈಯನ್ನೂ ಜೋಡಿಸಿ ನಿಂತಿದ್ದಳು. ಬೇಡ ಎಂಬ ಎರಡು ಅಕ್ಷರ ಅವಳಿಗೆ ಸಿಗಲಿಲ್ಲ.

ಉಮ್ಮ ಶಿಹಾಬನನ್ನು ಸುಳ್ಯದ ಬಸ್ಸಿಗೆ ಹತ್ತಿಸುವಾಗ ಅವನ ಕೈಗೆ ಬಾಳೆಹಣ್ಣಿನ ಕಟ್ಟು ಕೊಟ್ಟು ಆಗಾಗ ಬಾ ಎಂದಳಷ್ಟೆ. ಮನೆಗೆ ಬಂದು ಬುರ್ಖಾ ಕಳಚಿ ಮೊಳೆಗೆ ಹಾಕಿದಳು. ಬೈಯಲಿ, ಎಂದು ಝುಹ್ರಾ ಕಾದಳು. ನಾಲ್ಕು ಮಾತು ಬೈದರೆ ಅಳಬಹುದಿತ್ತು. ಅಡುಗೆಮನೆಯಲ್ಲಿ ನೀರು ಬಿಟ್ಟ ಸದ್ದು, ಉಮ್ಮ ನಮಾಜಿಗೆ ವುಳೂ ಮಾಡುವ ಸದ್ದು. ಮುಸ್ಸಂಜೆಯ ಮಗ್ರಿಬಿನ ಬಾಂಗ್ ಕೊಟ್ಟಾಗ ಝುಹ್ರಾ ತಾನೂ ಕೈಕಾಲು ತೊಳೆದು ಬಂದು ಉಮ್ಮನ ಪಕ್ಕದಲ್ಲಿ ಚಾಪೆ ಹಾಸಿದಳು. ಇಬ್ಬರೂ ಜೊತೆಗೆ ನಿಂತು ನಮಾಜು ಮಾಡಿ ಎಷ್ಟೋ ಕಾಲವಾಗಿತ್ತು. ಇದು ಎದುರಿನ ಕೋಣೆ. ಹಿಶಾಮನ ಮಂಚ ಎತ್ತಿದ ಜಾಗ. ಕಿಟಕಿಯಲ್ಲಿ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು.

ನಮಾಜು ಮುಗಿಸಿ ಉಮ್ಮ ಎರಡು ಅಂಗೈಗಳನ್ನು ಬಿಚ್ಚಿ ಹಿಡಿದಳು. ತೀರಿಹೋದವರ ಹೆಸರುಗಳನ್ನು ಅವಳು ದಿನವೂ ಹೇಳುವ ಕ್ರಮದಲ್ಲೇ ಹೇಳಿದಳು. ಅವಳ ತಾಯಿ, ತಂದೆ, ಗಂಡ ಅದ್ರಾಮ. ಆಮೇಲೆ ಹಿಶಾಮ್. ಅಲ್ಲಿಗೆ ಅಂಗೈಗಳನ್ನು ಮುಖಕ್ಕೆ ಸವರಿಕೊಳ್ಳುವುದು ರೂಢಿ. ಇವತ್ತು ಸವರಲಿಲ್ಲ. ತುಟಿ ಮತ್ತೆ ಅಲುಗಿತು, ನಿಂತಿತು. ಏನೋ ಮರೆತವಳ ಹಾಗೆ ಹಣೆ ಗಂಟಿಕ್ಕಿದಳು.

“ಮೋಳೇ,” ಎಂದಳು, ಕೈಯನ್ನು ಹಾಗೆಯೇ ಹಿಡಿದು, ತಲೆ ತಿರುಗಿಸದೆ. “ಆ ಇನ್ನೊಬ್ಬ ಹುಡುಗ. ಹಿಶಾಮ್ ಮುಖ ಮುಚ್ಚಿದ ಹುಡುಗ.”

“ಹೂಂ.”

“ಆ ಊರಿನಲ್ಲಿ ಗಂಡುಮಕ್ಕಳಿಗೆ ಎಂತ ಹೆಸರು ಇಡ್ತಾರೆ? ಯಾವುದಾದ್ರೂ ಒಂದು ಹೇಳು. ಅವನದ್ದೇ ಆಗ್ಬೇಕು ಅಂತ ಇಲ್ಲ. ಸುಮ್ಮನೆ ‘ಅವನು’ ಅಂದ್ರೆ ದುಆ ಹೇಗೆ ಮುಟ್ಟುದು?”

ಝುಹ್ರಾ ಬಾಯಿ ತೆರೆದಳು. ಇದಕ್ಕೆ ಉಸ್ತಾದರು ಏನನ್ನುತ್ತಾರೋ, ಅವನು ಯಾವ ದೇವರಿಗೆ ಸೇರಿದವನೋ ಎಂಬ ಯೋಚನೆ ಬಂದು ಹೋಯಿತು. ತಿಂಗಳುಗಟ್ಟಲೆ ಅವಳು ಆ ದೇಶದ ಸುದ್ದಿಯನ್ನೇ ಓದಿದ್ದಳು, ಊರುಗಳ ಹೆಸರು ಗೊತ್ತಿತ್ತು, ನದಿಗಳದ್ದು, ಬಂದೂಕುಗಳದ್ದು ಗೊತ್ತಿತ್ತು. ಒಬ್ಬ ಹುಡುಗನ ಹೆಸರು ಬೇಕಿತ್ತು. ಯಾವುದೋ ಮನೆಯಲ್ಲಿ, ಊಟಕ್ಕೆ ಬಾ ಎಂದು ತಾಯಿಯೊಬ್ಬಳು ಕೂಗಿ ಕರೆದಿದ್ದ ಹೆಸರು. ಸುಳ್ಳೊಂದನ್ನು ಕಟ್ಟಿ ಹೇಳಬಹುದಿತ್ತು. ಮುದುಕಿಯ ಇಬ್ಬರು ಮಕ್ಕಳಿಗೆ ಅಂದು ಸಲೀಸಾಗಿ ಹೆಸರಿಟ್ಟವಳು ಅವಳೇ. ಆದರೆ ಇವತ್ತು ನಾಲಿಗೆ ಏಳಲಿಲ್ಲ.

“ನನಗೆ ಗೊತ್ತಿಲ್ಲ ಉಮ್ಮ,” ಎಂದಳು.

ಉಮ್ಮ ತಲೆಯಾಡಿಸಿದಳು. ಕೈಯನ್ನು ಇಳಿಸಲಿಲ್ಲ. ಕಿಟಕಿಯ ಬೆಳಕು ಪೂರ್ತಿ ಹೋದ ಮೇಲೂ ಆ ಎರಡು ಅಂಗೈಗಳು ಬಿಚ್ಚಿಕೊಂಡೇ ಇದ್ದವು. ಎದ್ದು ದೀಪ ಹಾಕಬೇಕಾದ ಝುಹ್ರಾ ಅವುಗಳ ಪಕ್ಕದಲ್ಲಿ ಅಲುಗಾಡದೆ ಕೂತಿದ್ದಳು.